ಯುದ್ಧಕಾಲದ ರೇಡಿಯೋ ದೂರವಾಣಿ ಮತ್ತು ಗುಟ್ಟಿನ ಪ್ರಶ್ನೆ

1927ರ ಜನವರಿ 7ರಂದು ನ್ಯೂಯಾರ್ಕ್ ಮತ್ತು ಲಂಡನ್ ನಗರಗಳ ನಡುವೆ ರೇಡಿಯೋ ಮೂಲಕ ಸಾರ್ವಜನಿಕ ದೂರವಾಣಿ ಸೇವೆ ಆರಂಭವಾಯಿತು. ಅಟ್ಲಾಂಟಿಕ್ ಸಾಗರದಡಿಯಲ್ಲಿ ದೂರವಾಣಿಯ ತಂತಿ ಹಾಸಿದ್ದು 1956ರಲ್ಲಿ. ಅಲ್ಲಿಯವರೆಗೆ ಮಾತೆಲ್ಲವೂ ಆಕಾಶಮಾರ್ಗವಾಗಿಯೇ ಸಾಗಬೇಕಾಗಿದ್ದಿತು. ತಕ್ಕ ಯಂತ್ರವುಳ್ಳವನು ಅದನ್ನು ಕದ್ದು ಕೇಳಬಹುದಾಗಿದ್ದುದರಿಂದ ಧ್ವನಿಯನ್ನು ಕದಡಿ ಕಳುಹಿಸುವ ಪದ್ಧತಿ ಬಳಕೆಗೆ ಬಂದಿತು. ಧ್ವನಿಯ ಏರುಸ್ವರಗಳನ್ನು ಇಳಿಸಿ ಇಳಿಸ್ವರಗಳನ್ನು ಏರಿಸುವುದು ಇದರ ಅತಿ ಸರಳ ರೂಪ. (ದಶಕಗಳ ತರುವಾಯ ಮನೆಗಳ ತಂತಿರಹಿತ ದೂರವಾಣಿಗಳಲ್ಲಿಯೂ ಇದನ್ನೇ ಬಳಸಿದರು, ಇನ್ನೊಮ್ಮೆ ತಿರುಗುಮುರುಗು ಮಾಡಿದರೆ ಮಾತು ಮೊದಲಿನಂತಾಗುತ್ತದೆ.) ಬೆಲ್ ಸಂಸ್ಥೆಯ 'ಎ-3' ಯಂತ್ರವು ಧ್ವನಿಯನ್ನು ಐದು ಪಟ್ಟಿಗಳಾಗಿ ಸೀಳಿ, ಅವುಗಳ ಸ್ಥಾನವನ್ನು ಆಗಾಗ್ಗೆ ಪಲ್ಲಟಗೊಳಿಸುತ್ತಿದ್ದಿತು.

ಹವ್ಯಾಸಕ್ಕೆಂದು ಕಿವಿಗೊಡುವವನನ್ನು ಇದು ತಡೆಯಿತು. ಪಟ್ಟುಹಿಡಿದ ಶತ್ರುವನ್ನು ತಡೆಯಲಿಲ್ಲ. ಈ ಭೇದವನ್ನು ಅಮೆರಿಕದ ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ಬಲ್ಲವರಾಗಿದ್ದರು. 1941ರ ಡಿಸೆಂಬರ್ 7ರಂದು ಹವಾಯಿಗೆ ಎಚ್ಚರಿಕೆ ಕಳುಹಿಸಬೇಕಾಗಿ ಬಂದಾಗ ಅವರು ದೂರವಾಣಿಯನ್ನು ನಂಬಲಿಲ್ಲ. ಎಚ್ಚರಿಕೆಯು ಸಾಮಾನ್ಯ ತಂತಿಯಾಗಿ ಹೋಗಿ, ಪರ್ಲ್ ಹಾರ್ಬರಿನ ಮೇಲೆ ದಾಳಿ ನಡೆದು ಗಂಟೆಗಳಾದ ಮೇಲೆ ತಲುಪಿತು. ದೂರವಾಣಿಯಲ್ಲಿ ಹೇಳಿದ್ದರೆ ನೌಕಾಪಡೆ ಉಳಿಯುತ್ತಿತ್ತೆಂಬ ವಾದವನ್ನು ನಾವು ಒಪ್ಪಲಾರೆವು; ಸಂದೇಶ ಹೊರಟಾಗ ದಾಳಿಗೆ ಒಂದೂವರೆ ಗಂಟೆಯೂ ಉಳಿದಿರಲಿಲ್ಲ.

ಮಾರ್ಷಲರ ಸಂಶಯ ಮಾತ್ರ ಸಕಾರಣವಾಗಿದ್ದಿತು. ಜರ್ಮನಿಯ ಅಂಚೆ ಇಲಾಖೆಯ ಎಂಜಿನಿಯರುಗಳು ಎ-3ರ ಮರ್ಮವನ್ನು ಭೇದಿಸಿ, ಹಾಲೆಂಡಿನ ಕರಾವಳಿಯಲ್ಲಿ ಠಾಣೆ ಹೂಡಿದ್ದರು. 1942ರ ಮಾರ್ಚಿಯಲ್ಲಿ ಅಂಚೆ ಸಚಿವ ಓನೆಸೋರ್ಗನು ಈ ಸಾಧನೆಯನ್ನು ಹಿಟ್ಲರನಿಗೆ ಅರಿಕೆ ಮಾಡಿದನು. ಮುಸೊಲಿನಿ ಪದಚ್ಯುತನಾದ ನಾಲ್ಕೇ ದಿನಗಳಲ್ಲಿ, ಅಂದರೆ 1943ರ ಜುಲೈ 29ರಂದು, ಚರ್ಚಿಲ್ ಮತ್ತು ರೂಸ್‌ವೆಲ್ಟ್ ಇಟಲಿಯ ಕದನವಿರಾಮವನ್ನು ಕುರಿತು ಆಡಿದ ಮಾತು ಈ ಠಾಣೆಯವರ ಕಿವಿಗೆ ಬಿದ್ದಿತು. ಇಟಲಿಯ ಬಗೆಗೆ ಹಿಟ್ಲರನ ಅವಿಶ್ವಾಸ ಇದರಿಂದಲೇ ಹುಟ್ಟಿತೆನ್ನುವುದು ಅತಿಶಯೋಕ್ತಿ; ಹುಟ್ಟಿದ್ದ ಶಂಕೆ ಬಲಿಯಿತೆನ್ನಬಹುದು.

ಸೋಜಿಗವೆಂದರೆ, ಎರಡು ವಾರಗಳ ಹಿಂದೆಯೇ, ಜುಲೈ 15ರಂದು, ವಾಷಿಂಗ್ಟನ್ ಮತ್ತು ಲಂಡನ್ ನಡುವೆ 'ಸಿಗ್‌ಸಾಲಿ' ಎಂಬ ಹೊಸ ಯಂತ್ರ ಕೆಲಸಕ್ಕೆ ತೊಡಗಿದ್ದಿತು. ಅದು ಧ್ವನಿಯನ್ನು ಕದಡುತ್ತಿರಲಿಲ್ಲ. ಅಂಕಿಗಳಾಗಿ ಮಾರ್ಪಡಿಸಿ, ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿದ ಗೊತ್ತುಗುರಿಯಿಲ್ಲದ ಗದ್ದಲದೊಡನೆ ಕೂಡಿಸುತ್ತಿದ್ದಿತು. ಅಂತಹದೇ ತಟ್ಟೆ ಇನ್ನೊಂದು ತುದಿಯಲ್ಲಿ ಅದೇ ಕ್ಷಣಕ್ಕೆ ತಿರುಗಿದರೆ ಮಾತ್ರ ಮಾತು ತಿಳಿಯುವುದು. ಬಳಸಿದ ತಟ್ಟೆಗಳನ್ನು ನಾಶಮಾಡುತ್ತಿದ್ದರು. ಒಂದೊಂದು ತುದಿಯ ಯಂತ್ರವೂ ಸುಮಾರು 55 ಟನ್ ತೂಗುತ್ತಿದ್ದಿತು. ಲಂಡನ್ನಿನದು ಸೆಲ್ಫ್ರಿಜಸ್ ಅಂಗಡಿಯ ನೆಲಮಾಳಿಗೆಯಲ್ಲಿದ್ದಿತು. ಇದರ ವೃತ್ತಾಂತವನ್ನು 1976ರವರೆಗೆ ಗೋಪ್ಯವಾಗಿಟ್ಟಿದ್ದುದರಿಂದ, ಅದಕ್ಕೆ ಮುನ್ನ ಬರೆದ ಯುದ್ಧೇತಿಹಾಸಗಳಲ್ಲಿ ಓದುಗರು ಇದನ್ನು ಹುಡುಕಿ ಫಲವಿಲ್ಲ.