ಹುಳುಕಡ್ಡಿಯ ಮುಲಾಮು ಬೆಳೆದು ಬಂದ ಬಗೆ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಸಿಗುವ ಹಗರೆಯ ಸುತ್ತಮುತ್ತ ಮುಂಗಾರು ಹಿಡಿಯಿತೆಂದರೆ ಮೈ ಒಣಗುವುದಕ್ಕೆ ಪುರಸೊತ್ತಿರುವುದಿಲ್ಲ. ಆಲೂಗಡ್ಡೆ ಹೊಲ, ಶುಂಠಿ ಪಾತಿ, ಕಾಫಿ ತೋಟದ ಕೂಲಿ, ಎಲ್ಲವೂ ಒದ್ದೆ ಬಟ್ಟೆಯಲ್ಲೇ ನಡೆಯುವ ಕೆಲಸ. ರಬ್ಬರ್ ಬೂಟಿನೊಳಗೆ ಕಾಲು ಬೇಯುತ್ತದೆ, ಲಂಗದ ಲಾಡಿ ಕಟ್ಟುವ ಕಡೆ ಬೆವರು ನಿಲ್ಲುತ್ತದೆ. ಹುಳುಕಡ್ಡಿ, ಚಿಬ್ಬು, ಕೆಸರುಹುಣ್ಣು ಹೆಚ್ಚುವ ಕಾಲ ಇದೇ. ಹುಳುಕಡ್ಡಿಗೂ ಚಿಬ್ಬಿಗೂ ಕಾರಣ ಚರ್ಮದ ಮೇಲೆ ಬೆಳೆಯುವ ಶಿಲೀಂಧ್ರ. ಕೆಸರುಹುಣ್ಣಿನಲ್ಲೂ ಬಹಳ ಸಲ ಅದರ ಪಾಲಿರುತ್ತದೆ. ಆದರೆ ಮೂರರ ಶಿಲೀಂಧ್ರವೂ ಒಂದೇ ಜಾತಿಯದಲ್ಲ, ಹಾಗಾಗಿ ಒಂದಕ್ಕೆ ನಾಟುವ ಮದ್ದು ಇನ್ನೊಂದಕ್ಕೆ ನಾಟಲೇಬೇಕೆಂದಿಲ್ಲ.

ಹುಳುಕಡ್ಡಿಯನ್ನು ನಮ್ಮವರು ಹೊಸದಾಗಿ ಕಂಡವರಲ್ಲ. ಚರಕಸಂಹಿತೆ ದದ್ರುವನ್ನು, ಎಂದರೆ ಹುಳುಕಡ್ಡಿಯನ್ನು, ಹದಿನೆಂಟು ಕುಷ್ಠಗಳ (ಚರ್ಮರೋಗಗಳ) ಪಟ್ಟಿಯಲ್ಲಿ ಸಣ್ಣವುಗಳ ಸಾಲಿಗೆ ಹಾಕಿತು, ಸುಶ್ರುತ ಅದನ್ನೇ ದೊಡ್ಡವುಗಳ ಜೊತೆ ಇಟ್ಟ. ಬೇಲಿಬದಿಯಲ್ಲಿ ತಾನೇ ಹುಟ್ಟುವ ತಗಚೆಗೆ ಸಂಸ್ಕೃತದಲ್ಲಿ ದದ್ರುಘ್ನ ಎಂಬ ಹೆಸರೂ ಇದೆ. ಅದರ ಬೀಜ ಅರೆದು ಹಚ್ಚುವುದು, ಸೀಮೆ ಅಗಸೆಯ ಸೊಪ್ಪು ಜಜ್ಜಿ ಉಜ್ಜುವುದು, ಹೊಂಗೆ ಎಣ್ಣೆಯಲ್ಲಿ ಗಂಧಕ ಕಲಸಿ ಬಳಿಯುವುದು ಹಳೆಯ ಮನೆಮದ್ದುಗಳು. ಇವನ್ನು ಬರೀ ನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ತಗಚೆಯಲ್ಲೂ ಸೀಮೆ ಅಗಸೆಯಲ್ಲೂ ಕ್ರೈಸೊಫೆನಿಕ್ ಆಮ್ಲವಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಮುಂಬಯಿಯ ವೈದ್ಯರು ಹುಳುಕಡ್ಡಿಗೆ ಕೊಡುತ್ತಿದ್ದ ‘ಗೋವಾ ಪುಡಿ’ಯ ಸತ್ವವೂ ಇದೇ ಕುಲದ್ದು. ಬ್ರೆಜಿಲಿನ ಮರವೊಂದರ ತಿರುಳಿನಿಂದ ಬರುತ್ತಿದ್ದ ಆ ಪುಡಿ ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂದು ಆ ಊರಿನ ಹೆಸರು ಪಡೆಯಿತು. ಕಾಯಿಲೆಯನ್ನು ತಗ್ಗಿಸುತ್ತಿತ್ತು ನಿಜ, ಆದರೆ ಚರ್ಮ ಉರಿಯುತ್ತಿತ್ತು, ಬಟ್ಟೆಗೆ ಹತ್ತಿದ ಕಲೆ ಹೋಗುತ್ತಿರಲಿಲ್ಲ.

ಕಾಯಿಲೆಯ ಮೂಲ ಶಿಲೀಂಧ್ರವೆಂದು ತಿಳಿದದ್ದು ಯುರೋಪಿನಲ್ಲಿ. ತಲೆಯ ಹಕ್ಕಳೆಯಲ್ಲಿ ಶಿಲೀಂಧ್ರವಿದೆಯೆಂದು ವೈದ್ಯ ಶೋನ್‌ಲೈನ್ 1839ರಲ್ಲಿ ಪ್ರಕಟಿಸಿದ. ಮುಂದಿನ ಕೆಲವೇ ವರ್ಷಗಳಲ್ಲಿ ಪ್ಯಾರಿಸಿನ ಗ್ರೂಬಿ ಒಂದಾದ ಮೇಲೊಂದು ಬಗೆಯನ್ನು ಗುರುತಿಸಿದ. ರೋಗಾಣು ಸಿದ್ಧಾಂತವೆಂದರೆ ನಮಗೆ ನೆನಪಾಗುವುದು ಪಾಸ್ಚರ್ ಮತ್ತು ಕಾಖ್. ಮನುಷ್ಯನ ಕಾಯಿಲೆಗೆ ಕಣ್ಣಿಗೆ ಕಾಣದ ಜೀವಿ ಕಾರಣವೆಂಬುದು ಅವರಿಗಿಂತ ಮೊದಲೇ, ಈ ಕಡೆಗಣಿಸಿದ ತುರಿಕೆಯಲ್ಲಿ ಗೊತ್ತಾಗಿತ್ತು.

ಕಾರಣ ಸಿಕ್ಕಿತು, ಮದ್ದು ಬೇಗ ಸಿಗಲಿಲ್ಲ. 1907ರಲ್ಲಿ ಲಂಡನ್ನಿನ ಆರ್ಥರ್ ವಿಟ್‌ಫೀಲ್ಡ್ ಬೆಂಜೋಯಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲಗಳನ್ನು ಬೆರೆಸಿ ಒಂದು ಮುಲಾಮು ಮಾಡಿದ. ಮೊದಲನೆಯದು ಶಿಲೀಂಧ್ರದ ಬೆಳವಣಿಗೆ ತಡೆಯುತ್ತದೆ, ಎರಡನೆಯದು ಅದು ಮನೆಮಾಡಿಕೊಂಡ ಚರ್ಮದ ಮೇಲ್ಪದರವನ್ನೇ ಸುಲಿದು ಉದುರಿಸುತ್ತದೆ. ನೂರು ವರ್ಷ ದಾಟಿದರೂ ಈ ಅಗ್ಗದ ಮುಲಾಮು ಇಂದಿಗೂ ಬಳಕೆಯಲ್ಲಿದೆ. ದಪ್ಪ ಚರ್ಮದ ಅಂಗಾಲಿಗೆ ಒಗ್ಗುತ್ತದೆ, ತೊಡೆಸಂದಿಗೆ ಹಚ್ಚಿದರೆ ಬೆಂಕಿಯಂತೆ ಉರಿಯುತ್ತದೆ. ಮಕ್ಕಳ ತಲೆಯ ಹುಳುಕಡ್ಡಿಗಂತೂ ಮುಲಾಮು ಕೂದಲಿನ ಬುಡಕ್ಕೆ ಇಳಿಯದ ಕಾರಣ ಎಕ್ಸ್‌ರೇ ಹಾಯಿಸಿ ಕೂದಲು ಉದುರಿಸುತ್ತಿದ್ದರು. ಗ್ರಿಸಿಯೊಫಲ್ವಿನ್ ಮಾತ್ರೆ 1958ರ ಸುಮಾರಿಗೆ ಬಂದು ಆ ಅಪಾಯದ ಪದ್ಧತಿಯನ್ನು ನಿಲ್ಲಿಸಿತು. ಅದಕ್ಕೂ ಮೊದಲು, 1950ರಲ್ಲಿ, ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಮಣ್ಣಿನ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ತೆಗೆದಿದ್ದರು. ಅದು ಕ್ಯಾಂಡಿಡಾ ಎಂಬ ಇನ್ನೊಂದು ಬಗೆಯ ಶಿಲೀಂಧ್ರಕ್ಕೆ ಒಳ್ಳೆಯ ಮದ್ದು, ಹುಳುಕಡ್ಡಿಗೆ ನಾಟುವುದಿಲ್ಲ.

ನಾವು ಈಗ ಅಂಗಡಿಯಲ್ಲಿ ಕೊಳ್ಳುವ ಕ್ರೀಮಿನ ಚರಿತ್ರೆ ಶುರುವಾಗುವುದು 1960ರ ದಶಕದ ಕೊನೆಗೆ. ಜರ್ಮನಿಯ ಬೇಯರ್ ಕ್ಲೋಟ್ರಿಮಜೋಲ್ ತಯಾರಿಸಿತು, ಬೆಲ್ಜಿಯಮ್ಮಿನ ಜಾನ್ಸೆನ್ ಮೈಕೊನಜೋಲ್ ತಯಾರಿಸಿತು. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕೇ ಬೇಕು. ನಮ್ಮ ಜೀವಕೋಶಗಳಲ್ಲಿ ಅದರ ಜಾಗದಲ್ಲಿ ಕೊಲೆಸ್ಟೆರಾಲ್ ಇದೆ. ಹೊಸ ಮದ್ದುಗಳು ಎರ್ಗೊಸ್ಟೆರಾಲ್ ತಯಾರಿಯನ್ನೇ ನಡುವೆ ತಡೆದವು. ಹಾಗಾಗಿ ಚರ್ಮ ಸುಲಿಯದೆ, ಉರಿಯೂ ಇಲ್ಲದೆ ಶಿಲೀಂಧ್ರ ಮಾತ್ರ ಸೊರಗಿತು. ಸ್ಯಾಂಡೋಜ್ ಕಂಪನಿಯ ವಿಯೆನ್ನಾ ಪ್ರಯೋಗಾಲಯದಿಂದ 1980ರ ದಶಕದಲ್ಲಿ ಬಂದ ಟರ್ಬಿನಫಿನ್ ಅದೇ ತಯಾರಿಯನ್ನು ಇನ್ನೂ ಮೊದಲ ಹಂತದಲ್ಲಿ ಕಡಿಯಿತು, ಶಿಲೀಂಧ್ರವನ್ನು ತಡೆಯುವುದಷ್ಟೇ ಅಲ್ಲ, ಕೊಂದಿತು. ಆಮೇಲೆ ಜಪಾನಿನಿಂದ ದಿನಕ್ಕೊಮ್ಮೆ ಹಚ್ಚಿದರೆ ಸಾಕಾಗುವ ಲುಲಿಕೊನಜೋಲ್ ಬಂತು. ಇಷ್ಟೆಲ್ಲ ಕೈಯಲ್ಲಿರುವಾಗ ಹುಳುಕಡ್ಡಿ ಹದಿನೈದು ದಿನದ ಕಾಯಿಲೆಯಾಗಿ ಉಳಿಯಬೇಕಿತ್ತು.

ಆಗಿದ್ದು ಬೇರೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಭಾರತದಾದ್ಯಂತ ಹುಳುಕಡ್ಡಿ ವಾಸಿಯಾಗದ, ಮರುಕಳಿಸುವ, ಮನೆಮಂದಿಗೆಲ್ಲ ಹಬ್ಬುವ ಕಾಯಿಲೆಯಾಗಿದೆ. ಇದಕ್ಕೆ ಕಾರಣಗಳು ಹಲವು. ನನ್ನ ಮಟ್ಟಿಗೆ ಅತ್ಯಂತ ನೋವಿನ ಕಾರಣ ಒಂದೇ ಟ್ಯೂಬಿನಲ್ಲಿ ತುಂಬಿದ ಬೆರಕೆ. ‘ಅಣ್ಣಾ, ತುರಿಕೆಗೆ ಒಂದು ಮುಲಾಮು ಕೊಡಿ’ ಎಂದು ಕೇಳಿದವರ ಕೈಗೆ ಬರುವ ಟ್ಯೂಬನ್ನು ಒಮ್ಮೆ ಹಿಂದೆ ತಿರುಗಿಸಿ ಓದಿ. ಕ್ಲೊಬೆಟಾಸಾಲ್, ಒಫ್ಲಾಕ್ಸಾಸಿನ್, ಒರ್ನಿಡಜೋಲ್, ಟರ್ಬಿನಫಿನ್ ಎಂದು ಸಾಲಾಗಿ ಬರೆದಿರುತ್ತದೆ. ಮೊದಲನೆಯದು ಅತಿ ಪ್ರಬಲ ಸ್ಟಿರಾಯ್ಡ್. ಮೈ ಶಿಲೀಂಧ್ರದೊಂದಿಗೆ ಹೋರಾಡುವಾಗ ಏಳುವ ಕೆಂಪು ಮತ್ತು ತುರಿಕೆಯನ್ನು ಅದು ಎರಡೇ ದಿನದಲ್ಲಿ ಅಡಗಿಸುತ್ತದೆ. ಹಚ್ಚಿದವರಿಗೆ ವಾಸಿಯಾದಂತೆ ಕಾಣುತ್ತದೆ, ಬಿಡುತ್ತಾರೆ. ಹೋರಾಟ ನಿಂತಿದ್ದರಿಂದ ಒಳಗೆ ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಇರುತ್ತದೆ. ಎಂದಿನ ಹುಳುಕಡ್ಡಿಯಲ್ಲಿ ಅಂಚು ಎದ್ದು ಕಂಡು ನಡುವೆ ತಿಳಿಯಾಗಿರುತ್ತದೆ. ಸ್ಟಿರಾಯ್ಡ್ ಹಚ್ಚಿದ ಮೈಮೇಲೆ ಬಳೆಯೊಳಗೆ ಬಳೆ ಮೂಡುತ್ತದೆ, ಇಲ್ಲವೇ ಅಂಚೇ ಅಳಿಸಿಹೋಗಿ ಇದು ಹುಳುಕಡ್ಡಿಯೆಂದು ಗುರುತು ಸಿಗುವುದಿಲ್ಲ. ತೊಡೆಸಂದಿನಲ್ಲಿ ಚರ್ಮ ತೆಳುವಾಗಿ ಬಿರಿದ ಗೆರೆಗಳು ಬೀಳುತ್ತವೆ, ಅವು ಜನ್ಮಪೂರ್ತಿ ಉಳಿಯುತ್ತವೆ. ಹೀಗೆ ಮುಖಮರೆಸಿಕೊಂಡ ಹುಳುಕಡ್ಡಿಯನ್ನು ಬ್ರಿಟಿಷ್ ವೈದ್ಯರಾದ ಐವ್ ಮತ್ತು ಮಾರ್ಕ್ಸ್ 1968ರಲ್ಲೇ ವರ್ಣಿಸಿದ್ದರು. ಎಚ್ಚರಿಕೆ ಇಷ್ಟು ಹಳೆಯದಾಗಿದ್ದರೂ ಆ ಬೆರಕೆ ನಮ್ಮಲ್ಲಿ ಚೀಟಿಯಿಲ್ಲದೆ ಮಾರಾಟವಾಯಿತು.

ಚರ್ಮವೈದ್ಯರ ರಾಷ್ಟ್ರೀಯ ಸಂಘ ವರ್ಷಗಟ್ಟಲೆ ಪಟ್ಟುಹಿಡಿದ ಮೇಲೆ 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಷೇಧವಾದ 328 ಮಿಶ್ರಣ ಔಷಧಗಳಲ್ಲಿ ಇಂಥ ಕೆಲವು ಕ್ರೀಮುಗಳೂ ಇದ್ದವು. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಅಷ್ಟರಲ್ಲಿ ಶಿಲೀಂಧ್ರವೇ ಬದಲಾಗಿತ್ತು. ಹಿಂದೆಲ್ಲ ನಮ್ಮಲ್ಲಿ ಹೆಚ್ಚಾಗಿ ಸಿಗುತ್ತಿದ್ದುದು ಟ್ರೈಕೊಫೈಟಾನ್ ರೂಬ್ರಮ್. ಈಗ ಅದರ ಜಾಗವನ್ನು ಇನ್ನೊಂದು ಆಕ್ರಮಿಸಿದೆ. 2020ರಲ್ಲಿ ಜಪಾನಿನ ಸಂಶೋಧಕರು ಅದಕ್ಕೆ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು, ನಮ್ಮ ದೇಶದ ಹೆಸರನ್ನೇ ಸೇರಿಸಿ, ನಾಮಕರಣ ಮಾಡಿದರು. ಅದರ ಬಹಳಷ್ಟು ತಳಿಗಳು ಟರ್ಬಿನಫಿನ್ನಿಗೆ ಜಗ್ಗುವುದಿಲ್ಲ. 2023ರಲ್ಲಿ ಅದು ನ್ಯೂಯಾರ್ಕಿನಲ್ಲೂ ಪತ್ತೆಯಾಯಿತು.

ಆದ್ದರಿಂದ ಈಗ ಕ್ರೀಮು ಹಚ್ಚುವ ಕ್ರಮಕ್ಕೆ ಹಿಂದೆಂದಿಗಿಂತ ಹೆಚ್ಚಿನ ಬೆಲೆ ಬಂದಿದೆ. ಸ್ಟಿರಾಯ್ಡ್ ಇಲ್ಲದ, ಒಂದೇ ಮದ್ದಿನ ಕ್ರೀಮನ್ನು ಕಲೆಯ ಮೇಲಷ್ಟೇ ಅಲ್ಲ, ಅದರ ಸುತ್ತ ಎರಡು ಬೆರಳಗಲ ಚೆನ್ನಾಗಿ ಕಾಣುವ ಚರ್ಮಕ್ಕೂ ಹಚ್ಚಬೇಕು. ಕಲೆ ಮಾಸಿದ ಮೇಲೂ ಎರಡು ವಾರ ಬಿಡಬಾರದು. ಮನೆಯಲ್ಲಿ ಇನ್ನೊಬ್ಬರಿಗೆ ತುರಿಕೆಯಿದ್ದರೆ ಅವರಿಗೂ ಅದೇ ಹೊತ್ತಿಗೆ ಚಿಕಿತ್ಸೆ ಆಗಬೇಕು, ಟವೆಲು ಬೇರೆ ಇರಬೇಕು. ಕೊಟ್ಟಿಗೆಯ ಕರುವಿನ ಮೈಮೇಲೆ ಬೂದು ಹಕ್ಕಳೆಯ ದುಂಡು ಕಲೆಯಿದ್ದರೆ ಅದನ್ನೂ ಪಶುವೈದ್ಯರಿಗೆ ತೋರಿಸಬೇಕು, ಅದು ಮನುಷ್ಯರಿಗೂ ಅಂಟುತ್ತದೆ. ತಲೆ ಮತ್ತು ಉಗುರಿನ ಹುಳುಕಡ್ಡಿಗೆ ಕ್ರೀಮೊಂದೇ ಸಾಲದು, ಮಾತ್ರೆ ಬೇಕಾಗುತ್ತದೆ. ಮೈಯಲ್ಲಿ ಬಹಳ ಕಡೆ ಹಬ್ಬಿದ್ದರೂ ಅಷ್ಟೇ.

ಹಾಸನದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಆದರೂ ಒಂದು ದಿನದ ಕೂಲಿ ಬಿಟ್ಟು ಅಲ್ಲಿಗೆ ಹೋಗುವುದು ಹೊಲದ ಕೆಲಸದ ಹೆಣ್ಣುಮಗಳಿಗೆ ಸುಲಭವಲ್ಲ. ತೊಡೆಸಂದಿನ ಕಾಯಿಲೆಯನ್ನು ಯಾರಿಗಾದರೂ ತೋರಿಸುವುದೇ ಅವಳಿಗೆ ಮುಜುಗರ. ಅವಳು ಅಂಗಡಿಯ ಟ್ಯೂಬಿಗೆ ಕೈಯೊಡ್ಡುವುದು ತಪ್ಪಬೇಕಾದರೆ ಪತ್ತೆಯ ಕೆಲಸ ಊರಿನ ಹತ್ತಿರವೇ ಆಗಬೇಕು. ಅದೇನೂ ದೊಡ್ಡ ಪರೀಕ್ಷೆಯಲ್ಲ. ಕಲೆಯ ಅಂಚಿನಿಂದ ಹೊಟ್ಟು ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಟ್ಟು, ಸ್ವಲ್ಪ ಹೊತ್ತು ಕಾದು ನೋಡಿದರೆ ಶಿಲೀಂಧ್ರದ ಎಳೆಗಳು ಕವಲೊಡೆದು ಕಾಣುತ್ತವೆ. ಮಲೇರಿಯಾಕ್ಕೂ ಕ್ಷಯಕ್ಕೂ ಬಳಸುವ ಸೂಕ್ಷ್ಮದರ್ಶಕವೇ ಇದಕ್ಕೂ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಲ್ಯಾಬ್ ಸಿಬ್ಬಂದಿಗೆ ಆ ಎಳೆಗಳನ್ನು ಗುರುತಿಸುವ ತರಬೇತಿ ಕೊಟ್ಟು, ದ್ರಾವಣದ ಸೀಸೆಯನ್ನೂ ಸಾದಾ ಕ್ಲೋಟ್ರಿಮಜೋಲ್ ಟ್ಯೂಬುಗಳನ್ನೂ ಮುಂಗಾರಿಗೆ ಮೊದಲೇ ತಲುಪಿಸುವ ಕೆಲಸವನ್ನು ಆರೋಗ್ಯ ಇಲಾಖೆ ಕೈಗೆತ್ತಿಕೊಳ್ಳಬೇಕು.