ಹೆಚ್ಚಿಸಬೇಕೋ, ತಗ್ಗಿಸಬೇಕೋ? ಮೋಟಾರ್ ನ್ಯೂರಾನ್ ಕಾಯಿಲೆ ಮತ್ತು ರೋಗನಿರೋಧಕ ಶಕ್ತಿಯ ಚರಿತ್ರೆ



ವೈದ್ಯಕೀಯ ಗೋಷ್ಠಿಗೆ ವಿಷಯ ಕೊಡಿ ಎಂದು ಸಂಚಾಲಕರು ಕೇಳಿದಾಗ ನಾನು ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಆರಿಸಿಕೊಳ್ಳುತ್ತೇನೆಂದು ಅವರು ಎಣಿಸಿದ್ದಿರಬೇಕು. ನಾನು ಈ ವಿಷಯ ಆರಿಸಿದ್ದಕ್ಕೆ ಕಾರಣ ನಮ್ಮಲ್ಲೇ ಒಬ್ಬರಾಗಿದ್ದ ಗೆಳೆಯರು. ದಸರಾ ಕಾರ್ಯಕ್ರಮದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಒಂದು ಚಳಿಗಾಲ ಮನೆಯ ಬೀಗ ತಿರುಗಿಸಲು ಬೆರಳಿಗೆ ಬಲ ಸಾಲದಾಯಿತು. ವರ್ಷ ತುಂಬುವಷ್ಟರಲ್ಲಿ ತೋಳು, ಆಮೇಲೆ ಮಾತು, ಆಮೇಲೆ ನುಂಗುವುದು. ಕಾಯಿಲೆಯ ಹೆಸರು ತಿಳಿದ ವಾರವೇ ಊರಿನಿಂದ ಬಂದ ಸೂಟ್‌ಕೇಸಿನಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿಯ ಡಬ್ಬಿಗಳು ಬಂದವು. ಅದೇ ವಾರ ಇನ್ನೊಬ್ಬ ನೆಂಟರು ಫೋನ್ ಮಾಡಿ, ದೇಹ ತನ್ನನ್ನೇ ತಿನ್ನುತ್ತಿದೆ, ಸ್ಟೆರಾಯ್ಡ್ ಕೊಟ್ಟು ಆ ಶಕ್ತಿಯನ್ನು ತಗ್ಗಿಸಿ ಎಂದರು. ಅವರ ಮನೆಯವರು ನನ್ನನ್ನು ಅಡುಗೆಮನೆಗೆ ಕರೆದು, "ಅಣ್ಣಾ, ಹೆಚ್ಚು ಮಾಡಬೇಕೋ, ಕಮ್ಮಿ ಮಾಡಬೇಕೋ, ಅದೊಂದು ಹೇಳಿಬಿಡಿ" ಎಂದು ಕೇಳಿದರು. ಎರಡೂ ಬೇಡ ಎಂದೆ. ಯಾಕೆ ಎಂದು ಸರಿಯಾಗಿ ವಿವರಿಸಲು ಅಂದು ನನಗೆ ಆಗಲಿಲ್ಲ. ಇಂದಿನ ಮಾತು ಆ ವಿವರಣೆ. ಅದಕ್ಕೆ ಸುಮಾರು 150 ವರ್ಷ ಹಿಂದಕ್ಕೆ ಹೋಗಬೇಕು.

ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜಾನ್ ಮಾರ್ಟಿನ್ ಶಾರ್ಕೋ ಎಂಬ ವೈದ್ಯ ಬದುಕಿದ್ದ ರೋಗಿಯನ್ನು ವರ್ಷಗಟ್ಟಲೆ ನೋಡಿ, ಸತ್ತ ಮೇಲೆ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದ. 1869ರಲ್ಲಿ ಸಹೋದ್ಯೋಗಿ ಜೋಫ್ರುವಾ ಜೊತೆಗೂಡಿ ಈ ಕಾಯಿಲೆಯನ್ನು ವಿವರಿಸಿದ. 1874ರಲ್ಲಿ ಎಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲಿರೋಸಿಸ್ ಎಂದು ಹೆಸರಿಟ್ಟ. ಅಮೆರಿಕದಲ್ಲಿ ಎಎಲ್‌ಎಸ್ ಎಂದು ಕರೆಯುವುದು ಇದನ್ನೇ. ಸ್ಕ್ಲಿರೋಸಿಸ್ ಎಂದರೆ ಗಟ್ಟಿಯಾಗುವುದು. ಮಿದುಳಿನಿಂದ ಸ್ನಾಯುವಿಗೆ ಆಜ್ಞೆ ಒಯ್ಯುವ ನರಕೋಶಗಳು ಸತ್ತ ಜಾಗದಲ್ಲಿ ಗ್ಲಿಯಾ ಎಂಬ ಬೇರೆ ಕೋಶಗಳು ತುಂಬಿ ಗಟ್ಟಿಯಾಗಿದ್ದವು. ನೋಡಿ, ಹೆಸರಿನೊಳಗೇ ನರಕೋಶವಲ್ಲದ ಕೋಶಗಳ ಸುಳಿವಿತ್ತು. ಆದರೆ ಅದನ್ನು ಎಲ್ಲರೂ ಗಾಯದ ಕಲೆ ಎಂದುಕೊಂಡರು. ಕಲೆಗೆ ಯಾರು ಕಾರಣ ಕೇಳುತ್ತಾರೆ?

ಕೇಳಿದವನು ಸ್ಪೇನ್‌ನ ಪಿಯೋ ದೆಲ್ ರಿಯೋ ಓರ್ತೇಗಾ. ನನ್ನ ವೃತ್ತಿಯೂ ಸ್ಲೈಡಿಗೆ ಬಣ್ಣ ಹಚ್ಚುವುದೇ ಆದ್ದರಿಂದ ಈತನ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ, ಕ್ಷಮಿಸಿ. ಮ್ಯಾಡ್ರಿಡ್‌ನಲ್ಲಿ ಮಹಾಗುರು ಕಹಾಲ್ ಮಿದುಳಿನಲ್ಲಿ ನರಕೋಶ ಒಂದು, ನಕ್ಷತ್ರದಾಕಾರದ ಆಸ್ಟ್ರೋಸೈಟ್ ಎರಡು, ಮಿಕ್ಕಿದ್ದು 'ಮೂರನೆಯ ಅಂಶ' ಎಂದು ಹೇಳಿದ್ದ. ಆ ಮೂರನೆಯದು ಕಹಾಲನ ಬಣ್ಣಗಳಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಓರ್ತೇಗಾ ಬೆಳ್ಳಿಯ ಕಾರ್ಬೊನೇಟ್ ಬಳಸಿ ಹೊಸ ವಿಧಾನ ಕಟ್ಟಿದ. 1919ರಲ್ಲಿ ಆ ಮೂರನೆಯದರೊಳಗಿನಿಂದ ಸಣ್ಣ, ಕವಲೊಡೆದ ಕೋಶಗಳನ್ನು ಬೇರ್ಪಡಿಸಿ ಮೈಕ್ರೋಗ್ಲಿಯಾ ಎಂದು ಕರೆದ. ಇವು ಮಿದುಳಿನಲ್ಲಿ ಹುಟ್ಟಿದವಲ್ಲ, ಭ್ರೂಣ ಬೆಳೆಯುವಾಗ ಹೊರಗಿನಿಂದ ಬಂದು ನೆಲೆಸಿದವು; ಪೆಟ್ಟಾದಾಗ ಕೈಕಾಲು ಒಳಗೆಳೆದುಕೊಂಡು ದುಂಡಗಾಗಿ, ಹರಿದಾಡಿ, ಕಸ ತಿನ್ನುತ್ತವೆ ಎಂದೂ ಹೇಳಿದ. ಗುರುಶಿಷ್ಯರ ಮನಸ್ಸು ಮುರಿದು 1920ರಲ್ಲಿ ಓರ್ತೇಗಾ ಆ ಪ್ರಯೋಗಾಲಯವನ್ನೇ ಬಿಡಬೇಕಾಯಿತು. ಅಂತರ್ಯುದ್ಧ ಬಂದಾಗ ದೇಶವನ್ನೂ ಬಿಟ್ಟ. ಪ್ಯಾರಿಸ್, ಆಕ್ಸ್‌ಫರ್ಡ್, ಕೊನೆಗೆ ಬ್ಯೂನಸ್ ಐರಿಸ್. 1945ರಲ್ಲಿ ಅಲ್ಲೇ ತೀರಿಕೊಂಡ. ಹೊರಗಿನಿಂದ ಬಂದು ನೆಲೆಸಿದ ಕೋಶಗಳನ್ನು ಕಂಡವನು ತಾನೂ ಪರದೇಶಿಯಾಗಿ ಸತ್ತ. ಅವನ ಮಾತು ಎಷ್ಟು ಸರಿಯಿತ್ತೆಂದರೆ, ಮೈಕ್ರೋಗ್ಲಿಯಾ ಭ್ರೂಣದ ಹಳದಿ ಚೀಲದಿಂದ ಬರುತ್ತವೆಂದು ಇಲಿಗಳಲ್ಲಿ ಖಚಿತವಾದದ್ದು 2010ರಲ್ಲಿ.

ನಡುವಿನ ದಶಕಗಳಲ್ಲಿ ಮಿದುಳಿಗೂ ರೋಗನಿರೋಧಕ ವ್ಯವಸ್ಥೆಗೂ ಸಂಬಂಧವೇ ಇಲ್ಲ, ಅದು ಬಾಗಿಲು ಹಾಕಿದ ಮನೆ ಎಂಬ ನಂಬಿಕೆ ಬಲವಾಯಿತು. ಆ ನಂಬಿಕೆ ಅಲುಗಿದ್ದು ಬೇರೊಂದು ಕಾಯಿಲೆಯಿಂದ. 1970ರ ದಶಕದಲ್ಲಿ ಮಯಸ್ತೀನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯಕ್ಕೆ ದೇಹದ್ದೇ ಪ್ರತಿಕಾಯಗಳು ಕಾರಣವೆಂದು ತಿಳಿದು, ರೋಗನಿರೋಧಕ ಶಕ್ತಿ ತಗ್ಗಿಸಿದರೆ ರೋಗಿಗಳು ಎದ್ದು ಓಡಾಡತೊಡಗಿದರು. ಆ ಕೆಲಸ ಮಾಡಿದವರಲ್ಲಿ ಇಬ್ಬರು, ಸ್ಟ್ಯಾನ್ಲಿ ಆಪೆಲ್ ಮತ್ತು ಡೇನಿಯಲ್ ಡ್ರಾಕ್‌ಮನ್, ಅದೇ ಪ್ರಶ್ನೆಯನ್ನು ಮೋಟಾರ್ ನ್ಯೂರಾನ್ ಕಾಯಿಲೆಗೂ ಕೇಳಿದರು. ಸಹಜವೇ. 1988ರಲ್ಲಿ ಆಸೆ ಹುಟ್ಟಿಸುವ ಇನ್ನೊಂದು ವಿಷಯ ಸೇರಿಕೊಂಡಿತು. ಇದೇ ಕಾಯಿಲೆಯಂತೆ ಕಾಣುತ್ತಿದ್ದ ಇಬ್ಬರು ರೋಗಿಗಳಲ್ಲಿ ಜಿಎಂ1 ಎಂಬ ವಸ್ತುವಿನ ವಿರುದ್ಧ ಪ್ರತಿಕಾಯ ಸಿಕ್ಕಿ, ಚಿಕಿತ್ಸೆಯಿಂದ ಅವರ ಬಲ ಮರಳಿತು. ಅದು ಬೇರೆಯೇ ಕಾಯಿಲೆ ಎಂದು ಆಮೇಲೆ ಸ್ಪಷ್ಟವಾಯಿತು. ಇಂದಿಗೂ ನಾವು ಕೈ ಸೊರಗಿದ ಪ್ರತಿ ರೋಗಿಯಲ್ಲೂ ಮೊದಲು ಅದನ್ನು ಹುಡುಕುವುದು ಈ ಕಾರಣಕ್ಕೇ, ಏಕೆಂದರೆ ಅದು ಚಿಕಿತ್ಸೆಗೆ ಬಗ್ಗುವಂಥದ್ದು.

ಆದರೆ ನಿಜವಾದ ಎಎಲ್‌ಎಸ್‌ನಲ್ಲಿ ಏನಾಯಿತು? ಹೂಸ್ಟನ್‌ನಲ್ಲಿ ಆಪೆಲ್ ಸೈಕ್ಲೋಸ್ಪೋರಿನ್ ಕೊಟ್ಟು ನೋಡಿದರು. ಬಾಲ್ಟಿಮೋರ್‌ನಲ್ಲಿ ಡ್ರಾಕ್‌ಮನ್ ಇನ್ನೂ ಮುಂದೆ ಹೋಗಿ ದೇಹದ ದುಗ್ಧಗ್ರಂಥಿಗಳಿಗೆಲ್ಲ ವಿಕಿರಣ ಹಾಯಿಸಿ, ಬಿಳಿ ರಕ್ತಕಣಗಳನ್ನು ದೀರ್ಘಕಾಲ ಅಡಗಿಸಿದರು. 1994ರಲ್ಲಿ ಫಲಿತಾಂಶ ಪ್ರಕಟವಾಯಿತು: ಉಪಯೋಗವಿಲ್ಲ. ಆ ವಿಕಿರಣಕ್ಕೆ ಮೈಯೊಡ್ಡಿದವರು ತಮಗೆ ಉಳಿದಿದ್ದ ಕಾಲದ ಒಂದು ಭಾಗವನ್ನು ಆಸ್ಪತ್ರೆಗೆ ಕೊಟ್ಟರು ಎಂಬುದನ್ನು ನಾವು ವರದಿ ಓದುವಾಗ ಮರೆಯುತ್ತೇವೆ.

ವಿಚಿತ್ರವೆಂದರೆ ಅದೇ ವರ್ಷಗಳಲ್ಲಿ ಸ್ಲೈಡುಗಳು ಬೇರೆ ಮಾತು ಹೇಳುತ್ತಿದ್ದವು. 1992ರಲ್ಲಿ ವ್ಯಾಂಕೂವರ್‌ನ ಮೆಕ್‌ಗೀರ್ ದಂಪತಿಗಳ ತಂಡ ಸತ್ತ ರೋಗಿಗಳ ಬೆನ್ನುಹುರಿಯಲ್ಲಿ ಕೆರಳಿದ ಮೈಕ್ರೋಗ್ಲಿಯಾಗಳನ್ನೂ, ನುಸುಳಿ ಬಂದ ಟಿ ಕೋಶಗಳನ್ನೂ ತೋರಿಸಿತು. (ಪ್ಯಾಟ್ರಿಕ್ ಮೆಕ್‌ಗೀರ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರ ಬಾಸ್ಕೆಟ್‌ಬಾಲ್ ಆಡಿದವರು, ಪ್ರಾಂತ್ಯದ ಮಂತ್ರಿಯೂ ಆಗಿದ್ದವರು. ಬಿಡುವು ಸಿಗುವುದಿಲ್ಲ ಎನ್ನುವ ನಮ್ಮಂಥವರಿಗೆ ಇದು ಹೇಳಬೇಕು.) ಕಳ್ಳತನವಾದ ಮನೆಯಲ್ಲಿ ಪೊಲೀಸರು ಕಂಡರು. ಅವರೇ ಕದ್ದರೋ, ಕಳ್ಳನನ್ನು ಹಿಡಿಯಲು ಬಂದರೋ? ಸತ್ತವರ ಬೆನ್ನುಹುರಿ ಅದನ್ನು ಹೇಳಲಾರದು.

ಉತ್ತರ ಬಂದದ್ದು ಇಲಿಗಳಿಂದ. 1993ರಲ್ಲಿ ಕಾಯಿಲೆ ವಂಶಪಾರಂಪರ್ಯವಾಗಿ ಬರುವ ಕೆಲವು ಕುಟುಂಬಗಳಲ್ಲಿ ಎಸ್‌ಒಡಿ1 ಜೀನ್‌ನ ದೋಷ ಸಿಕ್ಕಿತು. ಮರುವರ್ಷವೇ ಆ ದೋಷವುಳ್ಳ ಮಾನವ ಜೀನನ್ನು ಇಲಿಗೆ ಸೇರಿಸಿದಾಗ ಅದಕ್ಕೂ ಕೈಕಾಲು ಬಿದ್ದುಹೋದವು. 2003ರಲ್ಲಿ ಡಾನ್ ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು ಕೆಲವು ಕೋಶಗಳಲ್ಲಿ ದೋಷವಿರುವ, ಕೆಲವುಗಳಲ್ಲಿ ಇಲ್ಲದ ಮಿಶ್ರ ಇಲಿಗಳನ್ನು ಮಾಡಿದರು. ದೋಷವುಳ್ಳ ನರಕೋಶ ಆರೋಗ್ಯವಂತ ನೆರೆಹೊರೆಯ ನಡುವಿದ್ದರೆ ಹೆಚ್ಚು ಕಾಲ ಬದುಕಿತು. 2006ರಲ್ಲಿ ಮೈಕ್ರೋಗ್ಲಿಯಾಗಳಿಂದ ಮಾತ್ರ ದೋಷವನ್ನು ತೆಗೆದಾಗ ಕಾಯಿಲೆ ಶುರುವಾಗುವ ಹೊತ್ತು ಅಷ್ಟೇನೂ ಬದಲಾಗಲಿಲ್ಲ, ಶುರುವಾದ ಮೇಲಿನ ಓಟ ನಿಧಾನವಾಯಿತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುವು ಇದು. ಬೆಂಕಿ ಹಚ್ಚಿದವರು ಮೈಕ್ರೋಗ್ಲಿಯಾಗಳಲ್ಲ, ಆದರೆ ಹತ್ತಿದ ಬೆಂಕಿಗೆ ಗಾಳಿ ಹಾಕುವವರಲ್ಲಿ ಅವೂ ಸೇರಿವೆ.

ಹಾಗಾದರೆ ಅವನ್ನು ತಣಿಸಿದರೆ ಸಾಕಲ್ಲ? ಅದೂ ಆಯಿತು. ಮೊಡವೆಗೆ ಕೊಡುವ ಮಿನೋಸೈಕ್ಲಿನ್ ಎಂಬ ಹಳೆಯ ಆ್ಯಂಟಿಬಯಾಟಿಕ್ ಮೈಕ್ರೋಗ್ಲಿಯಾಗಳನ್ನು ಶಾಂತಗೊಳಿಸುತ್ತದೆ, ಇಲಿಗಳ ಆಯಸ್ಸು ಹೆಚ್ಚಿಸಿತ್ತು. ಅಗ್ಗದ, ಪರಿಚಿತ ಮಾತ್ರೆ. ಅಮೆರಿಕದಲ್ಲಿ 412 ರೋಗಿಗಳ ಮೇಲೆ ಪ್ರಯೋಗ ನಡೆಯಿತು. 2007ರಲ್ಲಿ ಲೆಕ್ಕ ತೆರೆದಾಗ ಮಾತ್ರೆ ನುಂಗಿದವರು ಹುಸಿಮಾತ್ರೆ ನುಂಗಿದವರಿಗಿಂತ ಸುಮಾರು ಶೇ. 25ರಷ್ಟು ಬೇಗ ಶಕ್ತಿ ಕಳೆದುಕೊಂಡಿದ್ದರು. ಉಪಯೋಗವಾಗದಿದ್ದರೂ ತೊಂದರೆಯಿಲ್ಲ, ಕೊಟ್ಟು ನೋಡೋಣ ಎಂದು ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ! ಅಡುಗೆಮನೆಯಲ್ಲಿ ನಿಂತು ಎರಡೂ ಬೇಡ ಎಂದಾಗ ನನ್ನ ತಲೆಯಲ್ಲಿದ್ದದ್ದು ಈ 412 ಜನ.

ಮರುವರ್ಷ, 2008ರಲ್ಲಿ, ಇನ್ನೊಂದು ತುಂಡು ಸಿಕ್ಕಿತು. ಹೂಸ್ಟನ್ ಮತ್ತು ಹಾರ್ವರ್ಡ್‌ನ ಎರಡು ತಂಡಗಳು ಟಿ ಕೋಶಗಳೇ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಕಾಯಿಲೆ ಇನ್ನೂ ವೇಗವಾಗಿ ಓಡುವುದನ್ನು ಕಂಡವು. ನುಸುಳಿ ಬಂದವರೆಂದು ನಾವು ಸಂಶಯಪಟ್ಟ ಕೋಶಗಳಲ್ಲಿ ಕೆಲವು ಮೈಕ್ರೋಗ್ಲಿಯಾಗಳನ್ನು ಸಮಾಧಾನಪಡಿಸುತ್ತಿದ್ದವು. ಅವುಗಳಲ್ಲಿ ಮುಖ್ಯವಾದವಕ್ಕೆ ನಿಯಂತ್ರಕ ಟಿ ಕೋಶಗಳೆಂದು ಹೆಸರು. ಈಗ 1994ರ ವಿಕಿರಣವನ್ನು ನೆನಪಿಸಿಕೊಳ್ಳಿ. ಜಗಳ ಹಚ್ಚುವವರ ಜೊತೆಗೆ ಜಗಳ ಬಿಡಿಸುವವರನ್ನೂ ಆಚೆ ಹಾಕಿದ್ದೆವೇನೋ ಎಂದು ನನಗನಿಸುತ್ತದೆ. ಅದೇ ಆಪೆಲ್, ಅಡಗಿಸಲು ಹೊರಟಿದ್ದವರು, ಮುಂದೆ ರೋಗಿಗಳ ನಿಯಂತ್ರಕ ಕೋಶಗಳನ್ನೇ ಹೊರತೆಗೆದು, ಬೆಳೆಸಿ, ಮರಳಿ ಕೊಡುವ ಪ್ರಯತ್ನಕ್ಕೆ ಕೈಹಾಕಿದರು. 2018ರಲ್ಲಿ ಮೂವರು ರೋಗಿಗಳ ವರದಿ ಬಂತು. ತನ್ನದೇ ಹಳೆಯ ಊಹೆಯನ್ನು ತಿರುವಿಹಾಕುವ ಧೈರ್ಯ ದೊಡ್ಡದು. ಫ್ರಾನ್ಸ್ ಮತ್ತು ಬ್ರಿಟನ್ನಿನಲ್ಲಿ 220 ರೋಗಿಗಳಿಗೆ ಅದೇ ಕೋಶಗಳನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-2 ಅನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟ ಪ್ರಯೋಗವೂ ನಡೆಯಿತು. ನೇರ ಹೋಲಿಕೆಯಲ್ಲಿ ಖಚಿತ ಲಾಭ ಕಾಣಲಿಲ್ಲ. ನರಹಾನಿಯ ಮಟ್ಟವನ್ನು ಲೆಕ್ಕಕ್ಕೆ ಹಿಡಿದಾಗ ಒಂದು ಗುಂಪಿಗೆ ಉಪಯೋಗವಾದಂತಿದೆ. ಇದನ್ನು ಔಷಧ ಎನ್ನಲು ನಾನು ಸಿದ್ಧನಿಲ್ಲ.

ನಮ್ಮ ನಾಡಿನ ಒಂದು ಅಧ್ಯಾಯವನ್ನೂ ಹೇಳಬೇಕು. 1970ರಲ್ಲಿ ಮದ್ರಾಸಿನ ವೈದ್ಯರು ಚಿಕ್ಕ ವಯಸ್ಸಿನಲ್ಲೇ ಶುರುವಾಗಿ, ಕಿವಿಯನ್ನೂ ಕೆಡಿಸಿ, ನಿಧಾನವಾಗಿ ಸಾಗುವ ಒಂದು ಬಗೆಯನ್ನು ಗುರುತಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಸೊರಗಿ ಅಲ್ಲಿಗೇ ನಿಲ್ಲುವ 23 ರೋಗಿಗಳನ್ನು ವಿವರಿಸಿದರು. ನಿಮ್ಹಾನ್ಸ್ 1971ರಿಂದ 2007ರವರೆಗೆ ನೋಡಿದ ಮದ್ರಾಸ್ ಬಗೆಯ 116 ರೋಗಿಗಳ ವಿವರವನ್ನು ಆಮೇಲೆ ಪ್ರಕಟಿಸಿತು. ಅಂದರೆ ಒಂದೇ ಹೆಸರಿನಡಿ ಹಲವು ಕಾಯಿಲೆಗಳಿವೆ, ಒಂದೊಂದರಲ್ಲೂ ಮೈಕ್ರೋಗ್ಲಿಯಾದ ಪಾತ್ರ ಒಂದೇ ಆಗಿರಬೇಕಿಲ್ಲ. ಊರಿನಲ್ಲಿ ತಮ್ಮನ ಮಗನ ಕೈ ಸೊರಗುತ್ತಿದೆ ಎಂದು ನಿಮ್ಮಲ್ಲಿ ಯಾರಿಗಾದರೂ ಫೋನ್ ಬಂದರೆ, ಪುಡಿ ಕಳಿಸುವ ಮೊದಲು ನರರೋಗ ತಜ್ಞರ ಹತ್ತಿರ ಕಳಿಸಿ. ಅದು ಒಂದೇ ಕೈಗೆ ನಿಲ್ಲುವ ಬಗೆಯಿರಬಹುದು, ಚಿಕಿತ್ಸೆಗೆ ಬಗ್ಗುವ ಬಗೆಯೂ ಇರಬಹುದು.

ನಮ್ಮ ಗೆಳೆಯರು ತಮ್ಮ ಮಿದುಳು ಮತ್ತು ಬೆನ್ನುಹುರಿಯನ್ನು ಸಂಶೋಧನೆಗೆ ದಾನ ಮಾಡಿದ್ದರು. ಮಾತು ನಿಂತ ಮೇಲೆ ಕಣ್ಣಿನಿಂದ ಅಕ್ಷರ ತೋರಿಸಿ ಒಪ್ಪಿಗೆ ಕೊಟ್ಟದ್ದು. ಅವರ ಸ್ಲೈಡನ್ನು ನಾನು ನೋಡಲಿಲ್ಲ, ಬೇರೊಬ್ಬರು ನೋಡಿದರು. ಮನೆಯವರು ಮೊನ್ನೆ ಸಿಕ್ಕಾಗ ಆ ಪುಡಿಯ ಡಬ್ಬಿಗಳಲ್ಲಿ ಈಗ ಸಾರಿನ ಪುಡಿ ತುಂಬಿಟ್ಟಿದ್ದೇನೆ ಎಂದರು.