ಮಂಗಳನ ಅಂಗಳದ ಕಥೆ ಮತ್ತು ಅದರ ಪಾಠಾಂತರಗಳು: ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಮ್ ಆಯ್ಕೆಯ ಚರಿತ್ರೆಯ ಒಂದು ಅಧ್ಯಾಯ

ಜಾನಪದವೆಂದರೆ ಗ್ರಾಮೀಣರ ಹಾಡು-ಕಥೆಗಳು ಮಾತ್ರ ಎಂಬ ಗ್ರಹಿಕೆ ಹಿಂದೆ ಸರಿದು ಬಹಳ ಕಾಲವಾಯಿತು. ಪ್ರತಿಯೊಂದು ವೃತ್ತಿ ಸಮುದಾಯವೂ ತನ್ನ ಅನುಭವವನ್ನು ಕಥೆಯಾಗಿ ಕಟ್ಟಿ ಮುಂದಿನವರಿಗೆ ದಾಟಿಸುತ್ತದೆ. ಎಂಬೆಡೆಡ್ ಸಾಧನಗಳನ್ನು ರೂಪಿಸುವ ತಂತ್ರಜ್ಞರ ನಡುವೆ ಹೀಗೆ ಪ್ರಚಲಿತವಾದ ಕಥೆಗಳಲ್ಲಿ 1997ರ ಮಾರ್ಸ್ ಪಾತ್‌ಫೈಂಡರ್ ನೌಕೆಯದು ಪ್ರಮುಖವಾದುದು. ಈ ಕಥೆಗೆ ಒಂದಕ್ಕಿಂತ ಹೆಚ್ಚು ಪಾಠಗಳಿವೆ. ಕೇಳುಗನು ಯಾವ ಪಾಠವನ್ನು ನಂಬುತ್ತಾನೆ ಎಂಬುದರ ಮೇಲೆ ಅವನು ಆಪರೇಟಿಂಗ್ ಸಿಸ್ಟಮ್ ಆರಿಸುವ ಬಗೆಯೂ ಬದಲಾಗುತ್ತದೆ.

ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಮ್ ಅಥವಾ ಆರ್‌ಟಿಒಎಸ್ ಎಂದರೆ ಅತಿ ವೇಗದ ವ್ಯವಸ್ಥೆ ಎಂದು ಹಲವರು ಭಾವಿಸುವುದುಂಟು. ಇಲ್ಲಿ ಮುಖ್ಯವಾದುದು ವೇಗವಲ್ಲ, ಗಡುವು. ಸರಾಸರಿಯಲ್ಲಿ ಕೆಲಸ ಎಷ್ಟು ಬೇಗ ಮುಗಿಯುತ್ತದೆ ಎಂಬುದಕ್ಕಿಂತ, ಅತ್ಯಂತ ಪ್ರತಿಕೂಲ ಸನ್ನಿವೇಶದಲ್ಲಿಯೂ ಗೊತ್ತುಪಡಿಸಿದ ಹೊತ್ತಿಗೆ ಮುಗಿಯುತ್ತದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಅದಕ್ಕಾಗಿ ಪ್ರತಿಯೊಂದು ಕೆಲಸಕ್ಕೂ ಆದ್ಯತೆಯನ್ನು ನಿಗದಿಪಡಿಸಲಾಗುತ್ತದೆ. ಮೇಲಿನ ಆದ್ಯತೆಯ ಕೆಲಸ ಸಿದ್ಧವಾದೊಡನೆ ಕೆಳಗಿನದು ತೆರವು ಮಾಡಿಕೊಡಬೇಕು.

ಪಾತ್‌ಫೈಂಡರ್ ಯಾತ್ರೆಯಲ್ಲಿಯೇ ಎರಡು ಬಗೆಯ ಆಯ್ಕೆಗಳನ್ನು ಕಾಣಬಹುದು. ಸೊಜರ್ನರ್ ಎಂಬ ಪುಟ್ಟ ಸಂಚಾರಿ ವಾಹನದಲ್ಲಿದ್ದುದು 80ಸಿ85 ಎಂಬ ಸಣ್ಣ ಪ್ರೊಸೆಸರ್. ಅದಕ್ಕೆ ಸರಳವಾದ ಒಂದು ನಿಯಂತ್ರಣ ಆವರ್ತನವೇ ಸಾಕಾಗಿತ್ತು. ಹಲವು ಕೆಲಸಗಳನ್ನು ಏಕಕಾಲಕ್ಕೆ ನಿಭಾಯಿಸಬೇಕಾದ ಮಾತೃನೌಕೆಗೆ ಆರ್‌ಎಡಿ6000 ಪ್ರೊಸೆಸರನ್ನೂ ವಿಂಡ್ ರಿವರ್ ಸಂಸ್ಥೆಯ ವಿಎಕ್ಸ್‌ವರ್ಕ್ಸ್ ಎಂಬ ಆರ್‌ಟಿಒಎಸ್ಸನ್ನೂ ಆರಿಸಲಾಗಿತ್ತು. ಕೆಲಸದ ಸ್ವರೂಪ ಬೇರೆಯಾದುದರಿಂದ ಆಯ್ಕೆಯೂ ಬೇರೆಯಾಯಿತು.

1997ರ ಜುಲೈ 4ರಂದು ನೌಕೆ ಮಂಗಳನ ಮೇಲಿಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಮರುಪ್ರಾರಂಭಗೊಳ್ಳತೊಡಗಿತು. ಸಂಗ್ರಹಿಸಿದ ಮಾಹಿತಿ ನಷ್ಟವಾಗದಿದ್ದರೂ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಮುಂದೂಡಲ್ಪಡುತ್ತಿತ್ತು. ಕಾರಣ ಹೀಗಿತ್ತು: ಹವಾಮಾನ ಮಾಹಿತಿಯನ್ನು ಸಂಗ್ರಹಿಸುವ ಕೆಳ ಆದ್ಯತೆಯ ಕೆಲಸವೊಂದು ಹಂಚಿಕೆಯ ಸಂಪನ್ಮೂಲದ ಬೀಗವನ್ನು ಹಿಡಿದುಕೊಂಡಿತ್ತು. ಅದೇ ಬೀಗಕ್ಕಾಗಿ ಮೇಲಿನ ಆದ್ಯತೆಯ ಕೆಲಸ ಕಾಯುತ್ತಿತ್ತು. ಅಷ್ಟರಲ್ಲಿ ಮಧ್ಯಮ ಆದ್ಯತೆಯ ಕೆಲಸಗಳು ನುಗ್ಗಿ, ಬೀಗ ಹಿಡಿದ ಕೆಲಸಕ್ಕೆ ಅದನ್ನು ಬಿಡುವ ಅವಕಾಶವನ್ನೇ ಕೊಡಲಿಲ್ಲ. ಸೆಕೆಂಡಿಗೆ 8 ಬಾರಿ ತಿರುಗುವ ಆವರ್ತನದಲ್ಲಿ ಗಡುವು ತಪ್ಪಿತು. ನೌಕೆ ತನ್ನ ರಕ್ಷಣೆಗೆ ಮರುಪ್ರಾರಂಭದ ಮೊರೆಹೊಕ್ಕಿತು. ಇದೇ ಆದ್ಯತೆಯ ವಿಪರ್ಯಯ. ಲ್ಯಾಂಪ್ಸನ್ ಮತ್ತು ರೆಡೆಲ್ ಇದನ್ನು 1980ರಲ್ಲಿಯೇ ವಿವರಿಸಿದ್ದರು. ಬೀಗ ಹಿಡಿದಿರುವಷ್ಟು ಹೊತ್ತು ಕೆಳಗಿನ ಕೆಲಸಕ್ಕೆ ಕಾಯುವವನ ಆದ್ಯತೆಯನ್ನೇ ಕೊಡುವ 'ಆನುವಂಶಿಕತೆ'ಯ ಪರಿಹಾರವನ್ನು ಶಾ, ರಾಜಕುಮಾರ್ ಮತ್ತು ಲೆಹೋಝ್ಕಿ 1990ರ ಪ್ರಬಂಧದಲ್ಲಿ ಸಮಗ್ರವಾಗಿ ಪ್ರತಿಪಾದಿಸಿದ್ದರು. ವಿಎಕ್ಸ್‌ವರ್ಕ್ಸ್‌ನಲ್ಲಿ ಈ ಸೌಲಭ್ಯವಿತ್ತು. ಆದರೆ ಆ ನಿರ್ದಿಷ್ಟ ಬೀಗಕ್ಕೆ ಅದನ್ನು ಚಾಲನೆಗೊಳಿಸಿರಲಿಲ್ಲ.

ಈ ಘಟನೆ ಕಥೆಯಾದ ಬಗೆ ಕುತೂಹಲಕರವಾಗಿದೆ. ಕಂಪ್ಯೂಟರು ಒಮ್ಮೆಗೇ ಹಲವು ಕೆಲಸಗಳನ್ನು ಮಾಡಲು ಹೋಗಿ ಎಡವಿತು ಎಂಬುದು ಪತ್ರಿಕೆಗಳ ಪಾಠ. ಅದೇ ವರ್ಷದ ಡಿಸೆಂಬರಿನಲ್ಲಿ ವಿಂಡ್ ರಿವರ್‌ನ ಡೇವಿಡ್ ವಿಲ್ನರ್ ವಿದ್ವತ್ ಸಮ್ಮೇಳನವೊಂದರಲ್ಲಿ ಈ ವೃತ್ತಾಂತವನ್ನು ಹೇಳಿದರು. ಆ ಸಭೆಯಲ್ಲಿದ್ದ ಮೈಕ್ ಜೋನ್ಸ್ ಅದನ್ನು ಮಿಂಚಂಚೆಯ ಮೂಲಕ ಹಂಚಿದರು. ಮುಂದೆ ಅತಿಹೆಚ್ಚು ಹರಡಿದ್ದು ಈ ಎರಡನೆಯ ಪಾಠವೇ. ಇದರಲ್ಲಿ ದೋಷಶೋಧನೆಯ ಸಾಧನಗಳು ನೌಕೆಯಲ್ಲಿ ಉಳಿದದ್ದು ಅದೃಷ್ಟವಶಾತ್. ಭೂಮಿಯಿಂದ ಪುಟ್ಟದೊಂದು ಆದೇಶ ಹೋದೊಡನೆ ಎಲ್ಲವೂ ಸರಿಯಾಯಿತು. ಕಡೆಗೆ, ನೌಕೆಯ ತಂತ್ರಾಂಶದ ಹೊಣೆ ಹೊತ್ತಿದ್ದ ಗ್ಲೆನ್ ರೀವ್ಸ್ ತಿದ್ದುಪಡಿ ಬರೆದರು. ಸಾಧನಗಳು ಉಳಿದದ್ದು ಆಕಸ್ಮಿಕವಲ್ಲ, ಅದು ಉದ್ದೇಶಪೂರ್ವಕ ವಿನ್ಯಾಸ. ಹಾರಿಸುವುದನ್ನೇ ಪರೀಕ್ಷಿಸಬೇಕು, ಪರೀಕ್ಷಿಸಿದ್ದನ್ನೇ ಹಾರಿಸಬೇಕು ಎಂಬುದು ತಂಡದ ನಿಲುವಾಗಿತ್ತು. ತಿದ್ದುಪಡಿಯೂ ಅವಸರದ ಆದೇಶವಾಗಿರಲಿಲ್ಲ. ವ್ಯತ್ಯಾಸವನ್ನಷ್ಟೇ ಕಳುಹಿಸಿ ಪರಿಶೀಲಿಸಿ ಅಳವಡಿಸುವ ಕ್ರಮಬದ್ಧ ವಿಧಾನ ಅದಾಗಿತ್ತು. ಉಡಾವಣೆಗೆ ಮುನ್ನ ಪರೀಕ್ಷೆಗಳಲ್ಲಿಯೂ ಇಂಥ ಮರುಪ್ರಾರಂಭ ಕಂಡಿತ್ತು, ಆದರೆ ಅದನ್ನು ಮರುಕಳಿಸಲಾಗದೆ, ವಿವರಿಸಲಾಗದೆ ಮುಂದೆ ಸಾಗಲಾಗಿತ್ತು ಎಂದೂ ಅವರು ಒಪ್ಪಿಕೊಂಡರು.

ಇವುಗಳ ಅಂತರ ಕೇವಲ ವಿವರಗಳದ್ದಲ್ಲ. ಮೊದಲ ಪಾಠವನ್ನು ನಂಬಿದವನು ಹೆಚ್ಚು ಶಕ್ತಿಯ ಯಂತ್ರವನ್ನು ಹುಡುಕುತ್ತಾನೆ. ಎರಡನೆಯದನ್ನು ನಂಬಿದವನು ಅದೃಷ್ಟವನ್ನು ನೆಚ್ಚುತ್ತಾನೆ. ಮೂರನೆಯದನ್ನು ಅರಿತವನು ಮಾತ್ರ ಸರಿಯಾದ ಪ್ರಶ್ನೆಗಳನ್ನು ಕೇಳುತ್ತಾನೆ: ಈ ವ್ಯವಸ್ಥೆ ತನ್ನ ಗಡುವನ್ನು ಹೇಗೆ ಖಾತರಿಪಡಿಸುತ್ತದೆ? ಅದರ ಮೂಲ ಹೊಂದಿಕೆಗಳಲ್ಲಿ ಯಾವುದು ಮುಚ್ಚಿದೆ? ಎಡವಿದಾಗ ಒಳಗೆ ನಡೆದುದನ್ನು ಕಾಣುವ ಮತ್ತು ದೂರದಿಂದ ತಿದ್ದುವ ದಾರಿಯಿದೆಯೇ? ನಾಸಾ ಸಂಸ್ಥೆ ವಿಎಕ್ಸ್‌ವರ್ಕ್ಸ್ ಅನ್ನು ಕೈಬಿಡಲಿಲ್ಲ ಎಂಬುದು ಇಲ್ಲಿ ಗಮನಾರ್ಹ. 2004ರ ಸ್ಪಿರಿಟ್ ಮತ್ತು ಆಪರ್ಚುನಿಟಿ, 2012ರ ಕ್ಯೂರಿಯಾಸಿಟಿ, 2021ರ ಪರ್ಸಿವಿಯರೆನ್ಸ್ ವಾಹನಗಳೂ ಅದನ್ನೇ ಬಳಸಿದವು. ಆದರೆ ಪರ್ಸಿವಿಯರೆನ್ಸ್ ಜೊತೆ ಹೋದ ಇಂಜೆನ್ಯುಯಿಟಿ ಹೆಲಿಕಾಪ್ಟರಿನಲ್ಲಿ ಪಥನಿರ್ಣಯದ ಕೆಲಸ ಲಿನಕ್ಸ್‌ಗೆ, ಕ್ಷಣಕ್ಷಣದ ಹಾರಾಟ ನಿಯಂತ್ರಣ ಪ್ರತ್ಯೇಕ ಮೈಕ್ರೊಕಂಟ್ರೋಲರುಗಳಿಗೆ ಹಂಚಿಕೆಯಾಯಿತು.

ಇಂದು ಆಯ್ಕೆಯ ಹರವು ಹಿಗ್ಗಿದೆ. 2003ರಲ್ಲಿ ರಿಚರ್ಡ್ ಬ್ಯಾರಿ ಆರಂಭಿಸಿದ ಫ್ರೀಆರ್‌ಟಿಒಎಸ್ ಸಣ್ಣ ಸಾಧನಗಳಲ್ಲಿ ವ್ಯಾಪಕವಾಗಿ ನೆಲೆಗೊಂಡಿದೆ. 2016ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಝೆಫಿರ್ ಬಂದಿತು. 2024ರಲ್ಲಿ ಲಿನಕ್ಸ್‌ನ ಮುಖ್ಯ ಮೂಲದಲ್ಲಿಯೇ ರಿಯಲ್-ಟೈಮ್ ಸಾಮರ್ಥ್ಯ ಸೇರ್ಪಡೆಯಾಯಿತು. ಮೂಲಸಂಕೇತ ತೆರೆದಿರುವುದು ದೊಡ್ಡ ಅನುಕೂಲವೇ ಸರಿ. ಆದರೆ ತೆರೆದದ್ದನ್ನು ಓದುವ, ಹೊಂದಿಕೆಯನ್ನು ಅರಿಯುವ, ಪರೀಕ್ಷೆಯಲ್ಲಿ ಒಮ್ಮೆ ಮಾತ್ರ ಇಣುಕಿದ ದೋಷವನ್ನು ಬೆನ್ನಟ್ಟುವ ಹೊಣೆಯನ್ನು ಯಾವ ವ್ಯವಸ್ಥೆಯೂ ಮನುಷ್ಯನಿಂದ ಕಳಚಿಕೊಳ್ಳುವುದಿಲ್ಲ. ರೀವ್ಸ್ ಅವರ ಪಾಠ ಎರಡನೆಯದರಷ್ಟು ರೋಚಕವಲ್ಲ. ಆದರೂ ವೃತ್ತಿಯ ಮುಂದಿನ ಪೀಳಿಗೆಗೆ ದಾಟಬೇಕಾದುದು ಅದೇ.